ಒಂದು ಗಂಟೆಯ ಕತ್ತಲೆ

ಉದ್ಯಾವರದ ಹೊಳೆಯು ಕಡಲಿನ ಸಮೀಪಕ್ಕೆ ಬಂದೂ ಕೂಡಲೆ ಅದರೊಳಗೆ ಬೀಳದೆ, ನಡುವೆ ಒಂದು ಸಣ್ಣ ಮರಳುಪಟ್ಟಿಯನ್ನು ಉಳಿಸಿಕೊಂಡು, ಉತ್ತರಾಭಿಮುಖವಾಗಿ ಮಲ್ಪೆಯವರೆಗೆ ಹರಿದು ಅಲ್ಲಿ ಸಮುದ್ರವನ್ನು ಸೇರುವುದು. ಮೂಡಲಿಗೆ ಹೊಳೆಯೂ ಪಡುವಲಿಗೆ ಕಡಲೂ ಇರುವ ಆ ಪಡುಕರೆಯ ಮೇಲೆ, 1986ರ ಜನವರಿಯ ಒಂದು ಸಂಜೆ, ಊರೆಲ್ಲ ಹ್ಯಾಲಿಯ ಧೂಮಕೇತುವಿನ ಮಾತನ್ನೇ ಆಡುತ್ತಿದ್ದ ದಿನಗಳಲ್ಲಿ, ನಾನು ಮೊಟ್ಟಮೊದಲು ಕ್ಯಾಮೆರಾವನ್ನು ಆಕಾಶದತ್ತ ತಿರುಗಿಸಿದೆನು. ಆಗ ಉಡುಪಿಯ ಒಂದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ನನಗೆ ಕೆಲಸ. ಮದುವೆಯ ಪಟಗಳನ್ನೂ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೂ ತೊಳೆದು ತೊಳೆದು ಬೇಸತ್ತವನಿಗೆ ಯಜಮಾನರು ತಮ್ಮ ರಷ್ಯದ ಝೆನಿಟ್ ಕ್ಯಾಮೆರಾವನ್ನೂ 400 ವೇಗದ ಓರ್ವೋ ಫಿಲ್ಮಿನ ಒಂದು ಸುರುಳಿಯನ್ನೂ ಕೊಟ್ಟಿದ್ದರು. ಧೂಮಕೇತು ಫಿಲ್ಮಿನ ಮೇಲೆ ಮೂಡಲಿಲ್ಲ. ಆದರೆ ಮೂಡಿದುದೇನೆಂದರೆ, ಅಂದಿನವರೆಗೆ ಚುಕ್ಕಿಗಳೆಂದು ನಾನು ತಿಳಿದಿದ್ದ ನಕ್ಷತ್ರಗಳು ಎಳೆದ ರೇಖೆಗಳು.

ಭೂಮಿಯು ಗಂಟೆಗೆ 15 ಡಿಗ್ರಿಯಂತೆ ತಿರುಗುವುದೆಂಬುದನ್ನು ಶಾಲೆಯಲ್ಲಿ ಕಲಿತಿದ್ದೆನಾದರೂ, ಕಲಿತುದನ್ನು ಕಂಡುದು ಅಂದೇ. ಕ್ಯಾಮೆರಾದ ಚಕ್ರವನ್ನು ‘ಬಿ’ ಎಂಬ ಅಕ್ಷರಕ್ಕೆ ತಿರುಗಿಸಿ, ಕೇಬಲ್ಲಿನ ತುದಿಯನ್ನು ಒತ್ತಿ ತಿರುಪನ್ನು ಬಿಗಿದರೆ, ನಾವಾಗಿ ಸಡಿಲಿಸುವ ತನಕ ಕವಾಟವು ತೆರೆದೇ ಇರುವುದು, ಬ್ಯಾಟರಿಯ ಗೊಡವೆಯಿಲ್ಲ. ಒಂದು ಗಂಟೆಯ ಕತ್ತಲೆಯೆಲ್ಲ ಒಂದೇ ಚೌಕಟ್ಟಿನೊಳಕ್ಕೆ ಇಳಿಯಬೇಕು. ಐವತ್ತೈದನೆಯ ನಿಮಿಷಕ್ಕೆ ಯಾರಾದರೂ ಡೈನಮೋ ದೀಪದ ಸೈಕಲಿನಲ್ಲಿ ಬಂದರೆಂದರೆ ಅಲ್ಲಿಯವರೆಗಿನ ತಪಸ್ಸೆಲ್ಲ ವ್ಯರ್ಥ. ಆದುದರಿಂದ ಒಂದು ಕಪ್ಪು ರಟ್ಟನ್ನು ಕೈಯಲ್ಲಿ ಹಿಡಿದು, ದೂರದಲ್ಲಿ ಬೆಳಕು ಕಂಡೊಡನೆ ಲೆನ್ಸಿಗೆ ಅಡ್ಡವಾಗಿ ಒಡ್ಡುತ್ತ, ಮರಳಿನ ಮೇಲೆ ಕುಳಿತಿರುತ್ತಿದ್ದೆನು. ಬಲೆ ನೋಡಲು ಬಂದ ಮುದುಕರೊಬ್ಬರು ಒಮ್ಮೆ, “ಎಂತ ಮಾರಾಯ್ರೇ, ಇಲ್ಲಿ ಯಾರೂ ಇಲ್ಲ, ಯಾರ ಪಟ ತೆಗೆಯುವುದು ನೀವು?” ಎಂದು ಕೇಳಿ, ನಾನು ಮೇಲಕ್ಕೆ ತೋರಿಸಲು, ತಮ್ಮ ಟಾರ್ಚನ್ನು ತಾವಾಗಿಯೇ ಆರಿಸಿ ನನ್ನ ಪಕ್ಕದಲ್ಲಿ ಕುಳಿತುಬಿಟ್ಟರು.

ನಮ್ಮ ಕರೆಯ ಆಕಾಶಕ್ಕೆ ತನ್ನದೇ ಆದ ಒಂದು ರೀತಿಯುಂಟು. ಪುಸ್ತಕಗಳಲ್ಲಿ ಅಚ್ಚಾದ ಐರೋಪ್ಯ ಚಿತ್ರಗಳನ್ನು ನೋಡಿ ಬಂದವನಿಗೆ ಅದು ಮೊದಲು ನಿರಾಶೆಯನ್ನೇ ಕೊಡುವುದು. ಆ ಚಿತ್ರಗಳಲ್ಲಿ ಧ್ರುವನು ನಡು ಆಕಾಶದಲ್ಲಿದ್ದು, ಸಪ್ತರ್ಷಿಗಳೇ ಮೊದಲಾದವರು ಅಸ್ತವನ್ನೇ ಅರಿಯದೆ ಅವನನ್ನು ಪ್ರದಕ್ಷಿಣೆ ಮಾಡುವರು. ಉದ್ಯಾವರವಾದರೋ 13 ಡಿಗ್ರಿ ಅಕ್ಷಾಂಶದ ಆಚೀಚೆಗಿನ ಊರು. ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಮೇಲೆ, ಮಲ್ಪೆಯ ಕಡೆಯ ತೆಂಗಿನ ತಲೆಗಳಲ್ಲಿ ಸಿಕ್ಕಿಕೊಂಡಂತೆ ಧ್ರುವನು ಇರುವನು. ಸಪ್ತರ್ಷಿಗಳು ಇಲ್ಲಿ ದಿನವೂ ಮುಳುಗಿ ಏಳತಕ್ಕವರು. ಪೂರ್ಣ ವೃತ್ತವನ್ನು ಆಶಿಸಿ ಬಂದವನು ಪಡುವಲಿಗೆ ತಿರುಗಬೇಕು. ಮಾರ್ಚ್ ತಿಂಗಳ ರಾತ್ರಿ ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳು, ಬಲಕ್ಕೆ ಕಿಂಚಿತ್ತು ಓರೆಯಾಗಿ, ಗೆರೆ ಕೊರೆದಂತೆ ನೇರವಾಗಿ ನೀರಿಗಿಳಿಯುವುವು. ಅವುಗಳ ಬಲಗಡೆಯವು ಉತ್ತರಕ್ಕೆ ಬಾಗುವುವು, ಎಡಗಡೆಯವು ದಕ್ಷಿಣಕ್ಕೆ. ನಡುಬೈತಲೆ ತೆಗೆದು ಎರಡು ಕಡೆಗೆ ಬಾಚಿದ ಕೂದಲಿನಂತೆ ಕಾಣುವ ಈ ದೃಶ್ಯವು ದೊಡ್ಡ ಅಕ್ಷಾಂಶದವರಿಗೆ ಇಷ್ಟು ಒಪ್ಪವಾಗಿ ದೊರೆಯದು. ತೆಂಕಲಲ್ಲಿ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ದಿಕ್ಕಿಗೆ, ಅಗಸ್ತ್ಯನು 24 ಡಿಗ್ರಿಗಿಂತ ಮೇಲೇರಲಾರದೆ ಒಂದು ಚಿಕ್ಕ ಕಮಾನನ್ನು ಎಳೆದು ಇಳಿಯುವನು. ಆಳುಪರ ಕಾಲದ ಉದಯಪುರವೇ ನಮ್ಮ ಉದ್ಯಾವರವೆಂದು ಇತಿಹಾಸಜ್ಞರು ಹೇಳುವರು. ಹೆಸರಿನಲ್ಲಿ ಉದಯವಿದ್ದರೇನು, ನನ್ನ ಕಸುಬಿಗೆ ಒದಗಿದುದು ಅಸ್ತಮಾನವೇ.

ಬಣ್ಣದ ಫಿಲ್ಮು ಬಂದ ಮೇಲೆ ತೊಳೆಯುವ ಕೆಲಸ ಯಂತ್ರದ ಪಾಲಾಯಿತು. ಒಂದು ಲ್ಯಾಬಿನವರು ನನ್ನ ನೆಗೆಟಿವುಗಳಲ್ಲಿ ಚೌಕಟ್ಟಿನ ಅಂಚೇ ಕಾಣದೆ ನಕ್ಷತ್ರಗಳ ನಟ್ಟನಡುವೆ ಕತ್ತರಿ ಹಾಕಿ, ಮೇಲೆ ‘ಖಾಲಿ ರೋಲ್’ ಎಂದು ಬರೆದು ಕಳುಹಿಸಿದರು. ಅಂದಿನಿಂದ ಪ್ರತಿ ಸುರುಳಿಯ ಮೊದಲ ಪಟವಾಗಿ ಹಗಲಿನಲ್ಲಿ ದಡದ ಒಂದು ದೋಣಿಯನ್ನು ತೆಗೆಯುವುದು, ಕತ್ತರಿಸುವವನಿಗೆ ಗುರುತು ಸಿಕ್ಕಲೆಂದು, ನನಗೆ ರೂಢಿಯಾಯಿತು. ಆ ದೋಣಿಯ ಪಟಗಳು ಈಗಲೂ ನನ್ನಲ್ಲಿ ಹೇರಳವಾಗಿವೆ.

ಆದರೆ ಫಿಲ್ಮಿನ ಆಯುಸ್ಸನ್ನು ಮುಗಿಸಿದುದು ಯಂತ್ರವಲ್ಲ, ಬೆಳಕು. ಹೆದ್ದಾರಿ ಅಗಲವಾಯಿತು, ತೆಂಕಲಲ್ಲಿ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರದ ದೀಪಗಳು ಹೊತ್ತಿದುವು, ಬೀದಿಯ ಹಳದಿ ದೀಪಗಳು ಹೋಗಿ ಬಿಳಿಯ ಎಲ್‌ಇಡಿಗಳು ಬಂದುವು, ಕಡಲಿನಲ್ಲಿಯೂ ಪ್ರಖರ ದೀಪದಿಂದ ಮೀನನ್ನು ಸೆಳೆಯುವ ಬೋಟುಗಳು ಹುಟ್ಟಿಕೊಂಡು, 2017ರಲ್ಲಿ ಕೇಂದ್ರ ಸರಕಾರವು ಅದನ್ನು ನಿಷೇಧಿಸಬೇಕಾಯಿತು. ಈ ಬೆಳಕಿನ ಪರಿಣಾಮವು ಫಿಲ್ಮಿನ ಮೇಲೆ ಹೇಗಾಗುವುದೆಂದರೆ, ನಕ್ಷತ್ರವು ಚಲಿಸುತ್ತಿರುವುದರಿಂದ ಅದರ ಬೆಳಕು ಒಂದು ಬಿಂದುವಿನ ಮೇಲೆ ಕೆಲವೇ ಸೆಕೆಂಡು ನಿಲ್ಲುವುದು. ಊರಿನ ದೀಪಗಳಿಂದ ಬೆಳಗಿದ ಆಕಾಶವಾದರೋ ಅದೇ ಬಿಂದುವಿನ ಮೇಲೆ ಗಂಟೆಯುದ್ದಕ್ಕೂ ಸುರಿಯುತ್ತಲೇ ಇರುವುದು. ಕೊನೆಕೊನೆಗೆ ನನ್ನ ಒಂದು ಗಂಟೆಯ ಪಟಗಳು ನೀರು ಬೆರೆಸಿದ ಮಜ್ಜಿಗೆಯ ಬಣ್ಣಕ್ಕೆ ಬಂದಿದ್ದುವು.

2003ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ 300ಡಿಯನ್ನು ಕೆಲವು ವರ್ಷಗಳ ತರುವಾಯ ನಾನು ಹಳೆಯದಾಗಿ ಕೊಂಡೆನು. ಅದರಲ್ಲಿ ಗಂಟೆಯನ್ನು ಒಮ್ಮೆಗೇ ಹಿಡಿಯುವ ಹಟವಿಲ್ಲ. ಮೂವತ್ತು ಸೆಕೆಂಡಿನಂತೆ ಎಡೆಬಿಡದೆ ಸುಮಾರು 120 ಪಟಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದನ್ನು ಇರಿಸಿ, ಪ್ರತಿ ಬಿಂದುವಿಗೂ ಆ ಎಲ್ಲ ಪಟಗಳ ಪೈಕಿ ಅತ್ಯಂತ ಉಜ್ಜ್ವಲವಾದುದನ್ನು ಮಾತ್ರ ಆರಿಸಿದರೆ, ಆಕಾಶದ ಮಸುಕು ಮೂವತ್ತು ಸೆಕೆಂಡಿನಷ್ಟೇ ಉಳಿದು, ನಕ್ಷತ್ರದ ರೇಖೆಯು ಗಂಟೆಯಷ್ಟು ಬೆಳೆಯುವುದು. ಕಾರಿನ ದೀಪ ಬಿದ್ದ ಪಟವನ್ನು ಎತ್ತಿ ಎಸೆದರಾಯಿತು. ಕಪ್ಪು ರಟ್ಟಿಗೆ ಕೆಲಸವಿಲ್ಲ. ಇಂಥ ಚಿತ್ರವು ಕೃತಕವೆಂದು ಮೂಗು ಮುರಿಯುವ ಹಳಬರನ್ನು ನಾನು ಬಲ್ಲೆನು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಫಿಲ್ಮಿನ ಮೇಲೆ ಮೂಡಿದ ರೇಖೆಯನ್ನಾದರೂ ಯಾರು ಕಣ್ಣಾರೆ ಕಂಡಿದ್ದರು? ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೆಲ್ಲ ದಡ ಸೇರಿ ಕ್ಷಿತಿಜವು ಹಿಂದಿನಂತೆ ಕಪ್ಪಾಗುವ ದಿನಗಳಲ್ಲಿಯೇ ಮಳೆಯ ಮೋಡ ಕವಿದಿರುವುದಲ್ಲ, ಅದಕ್ಕೆ ಯಾವ ಕ್ಯಾಮೆರಾದಲ್ಲಿಯೂ ಉಪಾಯವಿಲ್ಲ.

ಕಳೆದ ಡಿಸೆಂಬರಿನಲ್ಲಿ ತಂಗಿಯ ಮಗನೊಡನೆ ಪಡುಕರೆಗೆ ಹೋಗಿದ್ದೆನು. ಅವನು ಎಲ್ಲವನ್ನೂ ಹೊಂದಿಸಿಟ್ಟು ಕಾರಿನಲ್ಲಿ ಮೊಬೈಲು ನೋಡುತ್ತ ಕುಳಿತನು. ನಾನು ಅಭ್ಯಾಸಬಲದಿಂದ ಮುಕ್ಕಾಲಿಯ ಬಳಿ ಮರಳಿನ ಮೇಲೆ. ನಡುವೆ ಲೆನ್ಸಿನ ಮೇಲೆ ಮಂಜು ಕಟ್ಟಿದುದನ್ನು ಕಂಡು ಬೈರಾಸಿನ ತುದಿಯಿಂದ ಒರಸಿದೆನು. ಆ ಎರಡು ಪಟಗಳು ಕೆಟ್ಟುವು. ಅವನ್ನು ತೆಗೆದುಹಾಕಲು, ಚಿತ್ರದ ಪ್ರತಿಯೊಂದು ನಕ್ಷತ್ರದ ದಾರಿಯಲ್ಲಿಯೂ ಕೂದಲೆಳೆಯಷ್ಟು ತೆರಪು ಬಿದ್ದಿತು.

“ಅದನ್ನು ತುಂಬಿಸಲಿಕ್ಕೆ ಆಗ್ತದೆ ಮಾವ, ನೀವು ಮಂಡೆಬಿಸಿ ಮಾಡ್ಬೇಡಿ” ಎಂದನು ಅಳಿಯ. ಮರುದಿನ ಅವನು ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ, ನನ್ನ ಬೈರಾಸಿನ ಗುರುತು ಎಲ್ಲಾದರೂ ಉಳಿದಿದೆಯೋ ಎಂದು ಅಗಸ್ತ್ಯನಿಂದ ಮೊದಲುಗೊಂಡು ಒಂದೊಂದೇ ರೇಖೆಯನ್ನು ಹುಡುಕಿದೆನು. ಸಿಕ್ಕಲಿಲ್ಲ.