ಪಿ.ಟಿ. ಮಾಸ್ಟ್ರು ಎಷ್ಟು ವರ್ಷ ಇರಬೇಕು?

ಬೋಧನಾಭ್ಯಾಸದ ಮೇಲ್ವಿಚಾರಣೆಗೆಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪ್ರೌಢಶಾಲೆಗಳಿಗೆ ಹೋದಾಗಲೆಲ್ಲ ಮುಖ್ಯೋಪಾಧ್ಯಾಯರ ಕೊಠಡಿಯ ಟ್ರೋಫಿಗಳನ್ನು ನೋಡುವುದು ನನಗೆ ರೂಢಿ. ಕೆಲವು ಶಾಲೆಗಳಲ್ಲಿ ನಾಲ್ಕೈದು ವರ್ಷ ಸಾಲಾಗಿ ಕಬಡ್ಡಿಯದೋ ವಾಲಿಬಾಲ್‌ನದೋ ಟ್ರೋಫಿಗಳಿರುತ್ತವೆ. ಆಮೇಲೆ ಒಂದೂ ಇರುವುದಿಲ್ಲ. ಕಾರಣ ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಆಗ ನಮ್ಮಲ್ಲೊಬ್ಬರು ಒಳ್ಳೆಯ ಪಿ.ಟಿ. ಮಾಸ್ಟ್ರಿದ್ದರು ಮೇಡಂ, ವರ್ಗ ಆಯ್ತು." ತರಬೇತುದಾರರು ಒಂದು ಶಾಲೆಯಲ್ಲಿ ಎಷ್ಟು ಕಾಲ ನಿಲ್ಲುತ್ತಾರೆ ಎಂಬ ಪ್ರಶ್ನೆ ಬೋಧನಾಭ್ಯಾಸಕ್ಕೂ ಸಂಬಂಧಿಸಿದ್ದೆಂದು ನನಗೆ ತೋರಿದ್ದು ಈ ಉತ್ತರದಿಂದಲೇ.

ಫುಟ್‌ಬಾಲ್ ಎಂದರೆ ನಮ್ಮ ಜಿಲ್ಲೆಯಲ್ಲಿ ಮಂಗಳೂರಿನ ನೆಹರೂ ಮೈದಾನ ನೆನಪಾಗುತ್ತದೆ. ಘಟ್ಟದ ಬುಡದ ಈ ಮೂರು ತಾಲೂಕುಗಳಲ್ಲಿ ಮಕ್ಕಳ ಆಟ ಕಬಡ್ಡಿ, ವಾಲಿಬಾಲ್, ಖೋಖೋ. ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ ಪ್ರಶಾಂತ್ ಕುಮಾರ್ ರೈ ಪುತ್ತೂರು ಕಡೆಯವರು. ಶಾಲಾ ತಂಡಗಳು ವಲಯ, ತಾಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಹತ್ತಿಸುವವರು ಒಬ್ಬರೇ ದೈಹಿಕ ಶಿಕ್ಷಣ ಶಿಕ್ಷಕರು. ಬೆಳಗಿನ ಪ್ರಾರ್ಥನೆ, ಶಿಸ್ತು, ರಾಷ್ಟ್ರೀಯ ಹಬ್ಬಗಳ ಕವಾಯತು ಎಲ್ಲವೂ ಅವರ ಪಾಲಿನವೇ.

ಇವರು ಎಷ್ಟು ವರ್ಷ ಇರುತ್ತಾರೆ ಎಂಬುದು ಶಾಲೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಅನುದಾನಿತ ಶಾಲೆಯಲ್ಲಿ ನೇಮಕವಾದವರು ಸಾಮಾನ್ಯವಾಗಿ ಅಲ್ಲಿಯೇ ನಿವೃತ್ತರಾಗುತ್ತಾರೆ. ಅಪ್ಪನಿಗೂ ಮಗನಿಗೂ ಕಬಡ್ಡಿ ಕಲಿಸಿದ ಮಾಸ್ಟ್ರು ಸಿಗುವುದು ಇಂಥ ಶಾಲೆಗಳಲ್ಲಿ. ಸರ್ಕಾರಿ ಶಾಲೆಯಲ್ಲಿ ವರ್ಗಾವಣೆ ಕಾಯ್ದೆಯಿದೆ, ಕೌನ್ಸೆಲಿಂಗ್ ಇದೆ. ಖಾಸಗಿ ಶಾಲೆಯಲ್ಲಿ ಸಂಬಳ ಸಾಲದೆ ಹೋಗುವವರು ಹೆಚ್ಚು. ಇನ್ನು ಹಳೆ ವಿದ್ಯಾರ್ಥಿಗಳೋ ಶಾಲಾ ಸಮಿತಿಯವರೋ ನೇಮಿಸಿಕೊಂಡ ಗೌರವ ಶಿಕ್ಷಕರಿಗೆ ಮುಂದಿನ ಜೂನ್‌ನಲ್ಲಿ ತಾವು ಇರುತ್ತೇವೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ.

ನಾವು ಸೇವೆಯನ್ನು ವರ್ಷಗಳಲ್ಲಿ ಎಣಿಸುತ್ತೇವೆ. ಕ್ರೀಡಾ ಶಿಕ್ಷಕರ ಸೇವೆಯನ್ನು ತಂಡಗಳಲ್ಲಿ ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ಪ್ರೌಢಶಾಲೆ ಎಂದರೆ ಎಂಟರಿಂದ ಹತ್ತು, ಮೂರು ವರ್ಷ. ಎಂಟನೆಯ ತರಗತಿಗೆ ಬಂದ ಮಗುವನ್ನು ಹತ್ತು ಮುಗಿಯುವವರೆಗೆ ನೋಡಿದರೆ ಒಂದು ತಂಡವನ್ನು ಪೂರ್ತಿ ಬೆಳೆಸಿದಂತೆ. ಹಾಗಾದರೆ ಎರಡು ವರ್ಷ ಇದ್ದು ಹೋದವರು ಪೂರ್ತಿ ಬೆಳೆಸಿದ್ದು ಒಂದನ್ನೂ ಅಲ್ಲ. ಮೂರು ವರ್ಷ ಇದ್ದವರು ಒಂದು, ಐದು ವರ್ಷ ಇದ್ದವರು ಮೂರು, ಹತ್ತು ವರ್ಷ ಇದ್ದವರು ಎಂಟು. ಗಣಿತದ ಶಿಕ್ಷಕರು ವರ್ಗವಾದರೆ ಪಠ್ಯಪುಸ್ತಕವಾದರೂ ಉಳಿಯುತ್ತದೆ. ಯಾವ ಹುಡುಗಿ ಎಡಗಡೆಯಿಂದ ಚೆನ್ನಾಗಿ ದಾಳಿ ಮಾಡುತ್ತಾಳೆ, ಯಾರ ಮೊಣಕಾಲಿಗೆ ಹಿಂದಿನ ವರ್ಷ ಪೆಟ್ಟಾಗಿತ್ತು ಎಂಬುದಕ್ಕೆ ಪಠ್ಯಪುಸ್ತಕವಿಲ್ಲ.

ಕಡಬ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಬಾಗಲಕೋಟೆ ಕಡೆಯ ಒಬ್ಬ ಶಿಕ್ಷಕರು ಅಲ್ಲಿ ನಾಲ್ಕು ವರ್ಷ ಇದ್ದರು. ಬಂದಾಗ ಅವರ ಕನ್ನಡ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಮಕ್ಕಳ ತುಳು ಅವರಿಗೆ ಅರ್ಥವಾಗುತ್ತಿರಲಿಲ್ಲ. ಎರಡನೆಯ ವರ್ಷಕ್ಕೆ ತುಳುವಿನಲ್ಲೇ ಗದರಿಸುವಷ್ಟಾದರು. ಮಳೆಗಾಲದಲ್ಲಿ ಅಂಗಳ ಕೆಸರಾದರೆ ಜಗಲಿಯಲ್ಲಿ ಕಾಲಿನ ವ್ಯಾಯಾಮ ಮಾಡಿಸುತ್ತಿದ್ದರು. ಬಾಲಕಿಯರ ಕಬಡ್ಡಿ ತಂಡ ನಾಲ್ಕನೆಯ ವರ್ಷ ಜಿಲ್ಲಾ ಮಟ್ಟಕ್ಕೆ ಹೋಯಿತು. ಮರುವರ್ಷ ಅವರಿಗೆ ಊರ ಕಡೆಗೆ ವರ್ಗವಾಯಿತು.

ಅವರ ಜಾಗಕ್ಕೆ ಬಂದ ಶಿಕ್ಷಕಿ ತಿಳಿದವರು, ದುಡಿಯುವವರು. ಆದರೂ ಆ ವರ್ಷ ಅರ್ಧಕ್ಕರ್ಧ ಹುಡುಗಿಯರು ಅಭ್ಯಾಸಕ್ಕೆ ಬರಲಿಲ್ಲ. ಒಂಬತ್ತನೆಯ ತರಗತಿಯಲ್ಲಿದ್ದ ಒಳ್ಳೆಯ ರೈಡರ್ ಒಬ್ಬಳ ತಂದೆ, ರಬ್ಬರ್ ಟ್ಯಾಪಿಂಗ್ ಕೆಲಸದವರು, ನನ್ನಲ್ಲಿ ಹೇಳಿದರು: "ಆ ಮಾಸ್ಟ್ರು ಕರಕೊಂಡು ಹೋದ್ರೆ ಎಷ್ಟು ಹೊತ್ತಾದ್ರೂ ಮನೆ ಬಾಗಿಲಿಗೇ ತಂದು ಬಿಡ್ತಾರೆ ಅಂತ ಧೈರ್ಯ ಇತ್ತು ಮೇಡಂ. ಈ ಟೀಚರು ಒಳ್ಳೆಯವ್ರೇ ಇರ್ಬಹುದು, ನಮಗೆ ಪರಿಚಯ ಇಲ್ಲ ಅಲ್ವಾ." ಕೊನೆಯ ಬಸ್ಸು ತಪ್ಪಿದರೆ ರಬ್ಬರ್ ತೋಟದ ನಡುವೆ ಕತ್ತಲಲ್ಲಿ ನಡೆಯಬೇಕಾದ ಊರಲ್ಲಿ ಈ ಮಾತು ಸಣ್ಣದಲ್ಲ. ಹೊಸ ಶಿಕ್ಷಕಿ ಒಂದೊಂದೇ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವಾಗ ವರ್ಷ ಮುಗಿಯಿತು. ಆ ಹುಡುಗಿ ಹತ್ತನೆಯ ತರಗತಿಗೆ ಬಂದಳು; ಮನೆಯವರು ಪರೀಕ್ಷೆ ಮುಖ್ಯ ಎಂದರು. ಅವಳ ಆಟ ಅಲ್ಲಿಗೇ ನಿಂತಿತು.

ದೊಡ್ಡ ಮಟ್ಟದಲ್ಲಿಯೂ ಇದು ಹೀಗೆಯೇ. ಭಾರತದ ಫುಟ್‌ಬಾಲ್ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಎರಡೇ ಸಲ, 1951ರಲ್ಲಿ ಮತ್ತು 1962ರಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಬಂದಿತ್ತು. ಮೂರೂ ಸಲ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಅವರು ಶಾಲಾ ಶಿಕ್ಷಕರಾಗಿದ್ದವರು. 1963ರಲ್ಲಿ ತೀರಿಕೊಂಡರು. ಆ ಬಳಿಕ ಭಾರತಕ್ಕೆ ಆ ಚಿನ್ನ ಮತ್ತೆ ಬಂದಿಲ್ಲ. ಕಾರಣಗಳು ಹಲವಿರಬಹುದು, ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕಟ್ಟಿದ್ದು ಅವುಗಳಲ್ಲಿ ಒಂದು ಎನ್ನುವುದನ್ನು ಅಲ್ಲಗಳೆಯಲಾಗದು.

ಹಾಗೆಂದು ವರ್ಗಾವಣೆಯೇ ಬೇಡ ಎನ್ನಲು ಬರುವುದಿಲ್ಲ. ವಯಸ್ಸಾದ ತಂದೆತಾಯಿಯನ್ನು ಊರಲ್ಲಿ ಬಿಟ್ಟು ಇಲ್ಲಿ ಬಾಡಿಗೆ ಮನೆಯಲ್ಲಿರುವ ಶಿಕ್ಷಕರು ನಮ್ಮ ತಂಡದ ಸಲುವಾಗಿ ಇಲ್ಲೇ ಇರಲಿ ಎಂದು ಹೇಳುವ ಹಕ್ಕು ನಮಗಿಲ್ಲ. ಇಪ್ಪತ್ತೈದು ವರ್ಷ ಒಂದೇ ಶಾಲೆಯಲ್ಲಿದ್ದು ಮಕ್ಕಳಿಗೆ ಚೆಂಡು ಕೊಟ್ಟು ತಾವು ಮರದ ನೆರಳಲ್ಲಿ ಕುಳಿತವರನ್ನೂ ಕಂಡಿದ್ದೇನೆ. ಹೆಚ್ಚು ಕಾಲ ಇದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಎರಡು. ಮೊದಲನೆಯದು ಶಾಲೆಗಳಿಗೆ: ಶಿಕ್ಷಕರು ಹೋಗುವಾಗ ಕ್ರೀಡಾ ಸಾಮಗ್ರಿಗಳ ದಾಸ್ತಾನು ಪುಸ್ತಕವನ್ನು ಸಹಿ ಮಾಡಿ ಒಪ್ಪಿಸುತ್ತಾರೆ. ಹಾಗೆಯೇ ಮಕ್ಕಳ ಪುಸ್ತಕವೊಂದನ್ನೂ ಒಪ್ಪಿಸಲಿ. ಪ್ರತಿ ಮಗುವಿಗೆ ಒಂದು ಪುಟ ಸಾಕು. ಆಡುವ ಸ್ಥಾನ, ಆದ ಪೆಟ್ಟು, ಮನೆಗೆ ಹೋಗುವ ದಾರಿ, ಕೊನೆಯ ಬಸ್ಸಿನ ಹೊತ್ತು, ಮನೆಯಲ್ಲಿ ಯಾರಲ್ಲಿ ಮಾತಾಡಬೇಕು ಎಂಬುದು ಅದರಲ್ಲಿರಲಿ. ಇದು ಕಪಾಟಿನೊಳಗೆ ಭದ್ರವಾಗಿರಬೇಕಾದ ಪುಸ್ತಕ. ಸಾಧ್ಯವಾದರೆ ಹೋಗುವವರು ಒಂದು ದಿನ ಹೊಸಬರನ್ನು ನಾಲ್ಕು ಮನೆಗಳಿಗೆ ಕರೆದೊಯ್ದು ಪರಿಚಯಿಸಲಿ.

ಎರಡನೆಯದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ. ಬಿ.ಎಡ್.ನ ಎರಡನೆಯ ವರ್ಷದಲ್ಲಿ ನೀವು ಹದಿನಾರು ವಾರ ಶಾಲೆಯಲ್ಲಿರುತ್ತೀರಿ. ನೀವು ಯಾವ ವಿಷಯದವರಾದರೂ ವಾರಕ್ಕೊಮ್ಮೆ ಸಂಜೆ ಮೈದಾನದಲ್ಲಿ ನಿಂತು, ಪಿ.ಟಿ. ಮಾಸ್ಟ್ರನ್ನು ಕೇಳಿ ಆ ಪುಸ್ತಕದ ಕೆಲವು ಪುಟಗಳನ್ನಾದರೂ ಬರೆದುಕೊಡಿ. ಪಾಠ ಯೋಜನೆಗಳನ್ನು ನೀವು ಕಾಲೇಜಿಗೆ ತರುತ್ತೀರಿ. ಈ ಪುಟಗಳು ಶಾಲೆಯಲ್ಲಿಯೇ ಉಳಿಯಲಿ. ಮುಂದೆ ನಿಮಗೂ ವರ್ಗಾವಣೆ ಬಂದೇ ಬರುತ್ತದೆ. ಆಗ ನಿಮ್ಮ ತರಗತಿಯ ಮಕ್ಕಳ ವಿಷಯ ಬರೆದಿಟ್ಟು ಹೋಗುವುದು ನಿಮಗೆ ಅಭ್ಯಾಸವಾಗಿರುತ್ತದೆ.