ಪೋಡಿನ ನುಡಿಯಲ್ಲಿ

ಬಿಳಿಗಿರಿರಂಗನ ಬೆಟ್ಟದಲ್ಲಿ, ಆ ರಂಗನನ್ನು ತಮ್ಮ ಭಾವನೆಂದೇ ಕರೆವ ಗಿರಿಜನರಾದ ಸೋಲಿಗರ ಪೋಡುಗಳೆಂಬ ಹಾಡಿಗಳಿಗೆ 1980ರ ಸುಮಾರಿಗೆ ಕಾಲ್ನಡಿಗೆಯಲ್ಲಿ ಹೋದ ಡಾಕ್ಟರ್ ಸುದರ್ಶನರನ್ನು ಕಂಡು ಜನ ಮೊದಮೊದಲು ಕಾಡಿನೊಳಗೆ ಸರಿದುಬಿಡುತ್ತಿದ್ದರಂತೆ. ಆ ಸಂಕೋಚವನ್ನು ಅಜ್ಞಾನವೆಂದು ಬಗೆಯದೆ, ಸೋಲಿಗರ ಗಿಡಮೂಲಿಕೆಯ ಅರಿವನ್ನೂ, ಕುಕ್ಕರಗಾಲಿನಲ್ಲಿ ಕುಳಿತು ಹೆರುವ ಅವರ ಹೆಂಗಸರ ರೂಢಿಯನ್ನೂ ಡಾಕ್ಟರು ಗೌರವದಿಂದ ಕಂಡುದರಿಂದಲೇ, 1981ರಲ್ಲಿ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಚಿಕಿತ್ಸೆಯು ಆ ಬೆಟ್ಟದಲ್ಲಿ ಬೇರೂರಿತೆಂದು ನನ್ನ ನಂಬುಗೆ.

ಆದರೆ ಅಲ್ಲಿ ಔಷಧ ಕೊಡುವುದಕ್ಕಿಂತ ಕಠಿನವಾದುದು ಆಪ್ತಸಮಾಲೋಚನೆ. ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತವ್ಯಾಧಿಯ ವಾಹಕರಿಬ್ಬರು ದಂಪತಿಗಳಾದರೆ, ಪ್ರತಿಯೊಂದು ಗರ್ಭದಲ್ಲಿಯೂ ಶಿಶುವಿಗೆ ಆ ವ್ಯಾಧಿ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಲಿದವರು ಕಾಡಿಗೆ ಓಡಿಹೋಗಿ ಮರಳಿದ ಮೇಲೆ, ಹಿರಿಯರು ತಪ್ಪುಕಾಣಿಕೆ ಕೊಂಡು ಅವರನ್ನು ಒಪ್ಪಿಕೊಳ್ಳುವ ಪದ್ಧತಿಯುಳ್ಳ ಸಮಾಜದಲ್ಲಿ, ಈ ಮಾತನ್ನು ಜಾತಕ ಕೂಡಿಸಿ ಮದುವೆ ಮಾಡುವ ಪಟ್ಟಣಿಗರಿಗೆ ಹೇಳುವ ರೀತಿಯಲ್ಲಿಯೇ ಹೇಳಲಾದೀತೆ? ಕುಲದ ಯಜಮಾನರ ವಿಶ್ವಾಸವನ್ನು ಪಡೆದು, ಸೋಲಿಗನುಡಿಯಲ್ಲಿ, ಯಾವ ಹೆಣ್ಣಿನ ಮೇಲೆಯೂ ಕಳಂಕ ಬಾರದಂತೆ ಹೇಳಬೇಕು. ಹಾಗೆ ಹೇಳಬಲ್ಲವರು ಆ ಪೋಡುಗಳಲ್ಲಿಯೇ ಹುಟ್ಟಿ ಶುಶ್ರೂಷೆ ಕಲಿತ ಹೆಣ್ಣುಮಕ್ಕಳು. ಬೆಟ್ಟದ ಆರೋಗ್ಯಕೇಂದ್ರಗಳಿಗೆ ಸರ್ಕಾರವು ಮೊದಲು ಅವರನ್ನೇ ನೇಮಿಸಲಿ.