ರಾಗಿ, ಮುದ್ದೆ ಮತ್ತೆ ಒಂದೇ ಬುಟ್ಟಿಗೆ

ನಮ್ಮ ಮನೆಯಲ್ಲಿ ರಾಗಿಯೂ ಇದೆ, ಮುದ್ದೆಯೂ ಇದೆ. ಎರಡೂ ತಿನ್ನುವುದಕ್ಕಲ್ಲ! ಮಂಡ್ಯದ ಮನೆಯ ಮೊಲಗಳಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ ಅಂತ ಮಗಳು ಇಟ್ಟ ಹೆಸರುಗಳಿವು. ಕಂದು ಬಣ್ಣದವಳು ರಾಗಿ, ಮೂಲೆಯಲ್ಲಿ ದುಂಡಗೆ ಕೂರುವ ಬೂದು ಬಣ್ಣದವನು ಮುದ್ದೆ. ತಂದ ದಿನ ‘ಎರಡೂ ಹೆಣ್ಣೇ ಮೇಡಂ’ ಎಂದು ಅಂಗಡಿಯವನು ಹೇಳಿದ್ದ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ತಾನು ಗಂಡು ಅಂತ ಮುದ್ದೆಯೇ ಸಾರಿ ಹೇಳಿದ.

ಅವತ್ತೇ ಗೂಡಿನ ನಡುವೆ ತಂತಿ ಜಾಲರಿ ಹಾಕಿದೆವು. ಮೊಲಕ್ಕೆ ಗರ್ಭ ನಿಂತರೆ ಹೆಚ್ಚೂ ಕಡಿಮೆ 31 ದಿನಕ್ಕೆ ಮರಿ ಹಾಕುತ್ತದೆ, ಹೆತ್ತ ದಿನವೇ ಮತ್ತೆ ಗಬ್ಬವಾಗಬಲ್ಲದು. ಲೆಕ್ಕ ಹಾಕಿ ನೋಡಿದ ನಮ್ಮನೆಯವರು ಹೌಹಾರಿದರು. ಇಲ್ಲಿ ಹಸು, ಎಮ್ಮೆ, ನಾಯಿ ನೋಡುವ ಡಾಕ್ಟರಿದ್ದಾರೆ. ಮೊಲಕ್ಕೆ ಆಪರೇಷನ್ ಅಂದರೆ ಮೈಸೂರಿಗೇ ಹೋಗಿ ಅಂದರು. ಮೈಸೂರಿನ ಡಾಕ್ಟರು ಇಬ್ಬರಿಗೂ ಮಾಡಿಸುವುದೇ ಸರಿ ಎಂದರು. ಹೆಣ್ಣು ಮೊಲಕ್ಕೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯವಂತೆ. ಅತ್ತೆಗೆ ಮಾತ್ರ ಸೋಜಿಗ. “ಎತ್ಗೆ ಬೀಜ ಒಡ್ಸೋದು ಕೇಳಿವ್ನಿ ಕನವ್ವ, ಮೊಲಕ್ಕೂ ಆಪ್ರೇಸನ್ನಾ?” ಎಂದು ಬಂದವರಿಗೆಲ್ಲ ಹೇಳಿಕೊಂಡು ನಕ್ಕರು.

ಜನವರಿ ಕೊನೆಗೆ ಮುದ್ದೆಯದ್ದಾಯಿತು. ಮನುಷ್ಯರಿಗಾದರೆ ಆಪರೇಷನ್‌ಗೆ ಮೊದಲು ಹೊಟ್ಟೆ ಖಾಲಿ ಇರಬೇಕು. ಮೊಲಕ್ಕೆ ಹಾಗಲ್ಲ. ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಜೊತೆಗೆ ಕರುಳು ಸುಮ್ಮನೆ ನಿಂತರೆ ಜೀವಕ್ಕೇ ಅಪಾಯ. ಹಾಗಾಗಿ ಬೆಳಿಗ್ಗೆವರೆಗೂ ಹುಲ್ಲು ಕೊಡಿ, ಎಚ್ಚರವಾದ ಮೇಲೆ ತಿನ್ನಲು ಅವನಿಗಿಷ್ಟದ ಸೊಪ್ಪನ್ನೂ ತನ್ನಿ ಅಂದರು. ಗರಿಕೆ, ಕೊತ್ತಂಬರಿ ಕಟ್ಟಿಕೊಂಡು ಹೋದೆವು. ಮನೆಗೆ ಬಂದ ಮೇಲೆ ಮಗಳ ಕೆಲಸ ಹಿಕ್ಕೆ ಎಣಿಸುವುದು! ಹಿಕ್ಕೆ ಬಿತ್ತು ಅಂದರೆ ಕರುಳು ನಡೆಯುತ್ತಿದೆ ಎಂದರ್ಥ. ರಾತ್ರಿ ಹತ್ತಕ್ಕೆ “ಅಮ್ಮಾ, ಏಳು!” ಎಂದು ಅವಳು ಕೂಗಿದಾಗ ಪರೀಕ್ಷೆ ಪಾಸಾದಷ್ಟು ಖುಷಿ.

ಗಂಡಿಗೆ ಆಪರೇಷನ್ ಆದರೂ ನಾಲ್ಕರಿಂದ ಆರು ವಾರ ಹೆಣ್ಣಿನ ಹತ್ತಿರ ಬಿಡಬಾರದು, ಹಳೆಯ ಶಕ್ತಿ ಇನ್ನೂ ಉಳಿದಿರುತ್ತದೆ. ಹೀಗೆ ಜಾಲರಿ ನಡುವೆಯೇ ಇದ್ದಾಗ ಫೆಬ್ರವರಿ ಮಧ್ಯದಲ್ಲಿ ರಾಗಿಯ ಸರದಿ ಬಂತು. ಅವಳದು ಹೊಟ್ಟೆ ತೆರೆದು ಮಾಡುವ ದೊಡ್ಡ ಆಪರೇಷನ್. ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಮರುದಿನ ಹೊಲಿಗೆ ಹಾಕಿದ ಹೊಟ್ಟೆಯವಳನ್ನು ಮೆಲ್ಲಗೆ ತಂದು ಜಾಲರಿಯ ಈಚೆ ಬಿಟ್ಟರೆ, ಆಚೆಯಿಂದ ಮುದ್ದೆ ಹಿಂಗಾಲಿನಿಂದ ನೆಲ ಗುದ್ದಿದ. ಧಡ್, ಧಡ್. ಅಪಾಯ ಕಂಡಾಗ ಮೊಲ ಹಾಗೆ ಗುದ್ದುತ್ತದೆ. ಆಮೇಲೆ ಜಾಲರಿಗೇ ನುಗ್ಗಿದ. ಮರಿಯಿಂದ ಒಟ್ಟಿಗೆ ಬೆಳೆದವರು, ಒಬ್ಬರ ಕಿವಿಯನ್ನೊಬ್ಬರು ನೆಕ್ಕುತ್ತಾ ಮಲಗುತ್ತಿದ್ದವರು ಇವರೇನಾ ಅನ್ನಿಸಿತು. ಮಗಳು ಅತ್ತಳು. ನನಗೂ ಗಂಟಲು ಕಟ್ಟಿತು.

ಇದನ್ನು ನೋಡಿ ಆಶ್ಚರ್ಯಪಡದವರು ಅತ್ತೆ ಒಬ್ಬರೇ. ಹುಟ್ಟಿದಾಗಿನಿಂದ ಮೇಕೆ, ಕುರಿ ನಡುವೆ ಬೆಳೆದವರು. “ಅವುಕ್ಕೆ ಮಕ ಯಾವ ಲೆಕ್ಕ? ವಾಸ್ನೆನೇ ಗುರ್ತು. ಮೇಕೆ ಮರಿಗೆ ಬ್ಯಾರೆ ವಾಸ್ನೆ ತಗುಲುದ್ರೆ ಹೆತ್ತ ತಾಯೇ ಗುದ್ದಿ ದೂರ ತಳ್ತದೆ. ಇವ್ಳು ಆಸ್ಪತ್ರೆ ವಾಸ್ನೆ ಮೆತ್ಕೊಂಡ್ ಬಂದವ್ಳೆ. ಅವನ ಪಾಲ್ಗೆ ಇವ್ಳು ಯಾರೋ ಕನವ್ವ” ಎಂದರು. ಫೋನಿನಲ್ಲಿ ಡಾಕ್ಟರು ಹೇಳಿದ್ದೂ ಇದನ್ನೇ, ಸ್ವಲ್ಪ ಇಂಗ್ಲಿಷ್ ಬೆರೆಸಿ. ಸ್ಪಿರಿಟ್, ಔಷಧಿ, ಬೇರೆ ಪ್ರಾಣಿಗಳ ವಾಸನೆ ಒಂದು ಕಡೆ. ಮೈಯೊಳಗಿನ ಹಾರ್ಮೋನ್ ಇಳಿಯುತ್ತಾ ಬಂದಂತೆ ಅದರ ಸ್ವಂತ ವಾಸನೆಯೂ ಬದಲಾಗುವುದು ಇನ್ನೊಂದು ಕಡೆ. ಹಳೆಯ ಜೋಡಿ ಎಂದುಕೊಳ್ಳಬೇಡಿ, ಹೊಸದಾಗಿ ಪರಿಚಯ ಮಾಡಿಸುತ್ತಿದ್ದೇನೆ ಎಂದುಕೊಳ್ಳಿ ಅಂದರು. ರಾಗಿಯ ಗಾಯ ಪೂರ್ತಿ ಮಾಗಿ, ಹಾರ್ಮೋನ್ ತಣ್ಣಗಾಗುವವರೆಗೆ ಇನ್ನೂ ನಾಲ್ಕು ವಾರ ಕಾಯಬೇಕಿತ್ತು.

ಈ ನಡುವೆ ನಮ್ಮನೆಯವರ ಸೋದರಮಾವ ಫೋನ್ ಮಾಡಿ, “ಒಂದನ್ನ ನಮ್ ತೋಟಕ್ಕೆ ಕೊಡ್ರಪ್ಪ, ಯುಗಾದಿಗೆ ಬಂದಾಗ ತಕ್ಕೊಂಡೋಯ್ತೀನಿ” ಅಂದರು. ನಮ್ಮನೆಯವರು ಹೂಂ ಅಂದೇಬಿಟ್ಟರು! ಹಾಲಿನ ಅರ್ಧ ಭಾಗವನ್ನು ಎರಡು ಗೂಡುಗಳು ನುಂಗಿದ್ದು ಅವರಿಗೆ ಸಾಕಾಗಿತ್ತು. ಮಾವನ ತೋಟದಲ್ಲಿ ಮೂರು ನಾಯಿಗಳಿವೆ. ನಾಯಿ ಹಿಡಿಯದಿದ್ದರೂ ಸಾರಿನ ಪಾತ್ರೆ ಬಹಳ ದೂರವಿಲ್ಲ ಅನ್ನುವುದು ನನಗೆ ಗೊತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಅವರು. ವಾದ ಮಾಡಿ ಗೆಲ್ಲುವುದು ಕಷ್ಟ. “ಯುಗಾದಿವರೆಗೆ ಟೈಮ್ ಕೊಡಿ, ಒಂದೇ ಗೂಡಿಗೆ ಬರದಿದ್ದರೆ ಆಮೇಲೆ ಮಾತಾಡೋಣ” ಎಂದೆ.

ಕಾಯುವ ದಿನಗಳಲ್ಲಿ ಮಾಡಿದ್ದು ವಾಸನೆಯ ಕೊಡುಕೊಳ್ಳುವಿಕೆ. ಅತ್ತೆಯ ಹಳೆಯ ಹತ್ತಿ ಸೀರೆ ಹರಿದು ಇಬ್ಬರಿಗೂ ಒಂದೊಂದು ತುಂಡು ಹಾಸಿದೆ. ಎರಡು ದಿನ ಬಿಟ್ಟು ಅದಲು ಬದಲು. ಮೊದಲ ಸಲ ಮುದ್ದೆ ಅವಳ ಬಟ್ಟೆಯನ್ನು ಎಳೆದಾಡಿ ಹರಿದ. ವಾರದ ನಂತರ ಅದರ ಮೇಲೇ ಕೂತು ಹುಲ್ಲು ಮೆಲ್ಲತೊಡಗಿದ. ಆಮೇಲೆ ಗೂಡುಗಳನ್ನೇ ಬದಲಿಸಿದೆವು, ಅವಳ ಜಾಗದಲ್ಲಿ ಇವನು, ಇವನ ಜಾಗದಲ್ಲಿ ಅವಳು. ಊಟದ ತಟ್ಟೆಗಳನ್ನು ಜಾಲರಿಯ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದೆವು.

ಮುಖಾಮುಖಿ ಮಾಡಿಸಲು ಇಬ್ಬರಿಗೂ ಸೇರದ ಜಾಗ ಬೇಕು. ನಮ್ಮ ಹಾಲ್ ಆಗುವುದಿಲ್ಲ, ಇಬ್ಬರೂ ಅದನ್ನು ತಮ್ಮದೆಂದೇ ತಿಳಿದಿದ್ದಾರೆ. ಪುಣ್ಯಕ್ಕೆ ಮಹಡಿ ಮನೆ ಬಾಡಿಗೆಗೆ ಖಾಲಿ ಇತ್ತು. ಓನರ್ ಆಂಟಿ ಕೀಲಿ ಕೊಟ್ಟರು. ಮೊಸಾಯಿಕ್ ನೆಲದಲ್ಲಿ ಕಾಲು ಜಾರುತ್ತದೆಂದು ಜಮಖಾನ ಹಾಸಿದೆ. ಮಾರ್ಚ್ ಬಿಸಿಲಿಗೆ ಮೊಲ ಬೇಗ ಬಳಲುತ್ತದೆ, ಆದ್ದರಿಂದ ಬೆಳಗಿನ ಆರೂವರೆಗೇ ಹೋಗುತ್ತಿದ್ದೆವು. ಜಗಳ ಬಿಡಿಸಲು ಕೈ ಹಾಕಿದರೆ ಕಚ್ಚಿಸಿಕೊಳ್ಳುವುದು ಖಂಡಿತ. ಅದಕ್ಕೂ ಅತ್ತೆಯದೇ ಉಪಾಯ, ಅಕ್ಕಿ ಕೇರುವ ಮೊರ.

ಮೊದಲ ದಿನ ಒಂದೇ ನಿಮಿಷ ಅವರು ಸುಮ್ಮನಿದ್ದದ್ದು. ರಾಗಿ ಕಿವಿ ಹಿಂದಕ್ಕೆ ಚಪ್ಪಟೆ ಮಾಡಿ, ಬಾಲ ಎತ್ತಿ, ಗುರ್ ಎಂದು ನುಗ್ಗಿದಳು. ಇಬ್ಬರೂ ಗಿರಗಿರನೆ ಸುತ್ತು ಹೊಡೆದರು, ಕೂದಲು ಹತ್ತಿಯಂತೆ ಹಾರಿತು. ಮಗಳು ನಡುವೆ ಮೊರ ತೂರಿಸಿದಳು. ರಕ್ತ ಬಂದಿರಲಿಲ್ಲ, ಅಷ್ಟೇ ಸಮಾಧಾನ. ಅವತ್ತು ಯುಗಾದಿಗೆ 18 ದಿನವಿತ್ತು.

ಮಾರನೆಯ ದಿನದಿಂದ ಹತ್ತು ನಿಮಿಷ ಮಾತ್ರ. ಜಗಳ ಶುರುವಾಗುವ ಮುಂಚೆ ಮುಗಿಸಬೇಕು, ಕೊನೆಗೆ ಉಳಿಯುವ ನೆನಪು ಕೊತ್ತಂಬರಿಯದ್ದಾಗಿರಬೇಕು. ಒಬ್ಬರ ಮೇಲೊಬ್ಬರು ಹತ್ತುವುದನ್ನು ನೋಡಿ ನನಗೆ ಗಾಬರಿ, ಆಪರೇಷನ್ ಆದ ಮೇಲೂ ಇದೇನು ಅಂತ. ಅದು ಯಾರು ದೊಡ್ಡವರು ಅನ್ನುವ ತೀರ್ಮಾನವಂತೆ, ಸ್ವಲ್ಪ ಹೊತ್ತು ಬಿಡಬಹುದು. ಮುಖದ ಕಡೆಯಿಂದ ಹತ್ತಿದರೆ ಮಾತ್ರ ತಕ್ಷಣ ಇಳಿಸಬೇಕು, ಕೆಳಗಿರುವುದು ಎಲ್ಲೆಂದರಲ್ಲಿ ಕಚ್ಚೀತು. ಅಚ್ಚರಿ ಎಂದರೆ ನಮ್ಮ ಮನೆಯಲ್ಲಿ ಹತ್ತಿದವಳು ರಾಗಿಯೇ! ಅತ್ತೆ ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ.

ಏಳನೆಯ ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡದವರಂತೆ ಬೇರೆ ಬೇರೆ ಮೂಲೆಯಲ್ಲಿ ಮುಖ ತೊಳೆದುಕೊಂಡರು. ಮಗಳಿಗೆ ಬೇಜಾರು, “ಮಾತೇ ಬಿಟ್ಟಿದ್ದಾರಮ್ಮ” ಅಂದಳು. ನನಗೆ ಖುಷಿ. ಶತ್ರು ಎದುರಿಗಿದ್ದಾಗ ಯಾವ ಮೊಲವೂ ಕೂತು ಮೈ ನೆಕ್ಕಿಕೊಳ್ಳುವುದಿಲ್ಲ. ಅಲ್ಲಿಂದ ಅರ್ಧ ಗಂಟೆ, ಒಂದು ಗಂಟೆ ಎಂದು ಹೆಚ್ಚಿಸಿದೆವು. ಹನ್ನೊಂದನೆಯ ದಿನ ಮತ್ತೆ ಕಿತ್ತಾಡಿದರು. ಯಾಕೆಂದು ಈವತ್ತಿಗೂ ತಿಳಿಯದು. ಎರಡು ದಿನ ಹಿಂದಕ್ಕೆ ಹೋಗಿ ಮತ್ತೆ ಹತ್ತು ನಿಮಿಷದಿಂದ ಶುರು. ಆ ಸಂಜೆ ನಮ್ಮನೆಯವರು ಮಾವನಿಗೆ ಫೋನ್ ಮಾಡಲು ಹೊರಟಿದ್ದರು. ಮಗಳು ಏನೂ ಮಾತಾಡದೆ ಮೊರವನ್ನು ಅವರ ಕೈಗೆ ಕೊಟ್ಟು, “ನಾಳೆ ನೀವು ಬನ್ನಿ ಅಪ್ಪ” ಎಂದಳು.

ಬಂದರು. ಆಮೇಲೆ ದಿನಾ ಬಂದರು.

ಹದಿನಾರನೆಯ ದಿನ ಮುದ್ದೆ ಮೆಲ್ಲಗೆ ಹೋಗಿ ರಾಗಿಯ ಮೂತಿಯ ಕೆಳಗೆ ತಲೆ ತಗ್ಗಿಸಿ ಕೂತ. ನೆಕ್ಕು ಎಂದು ಕೇಳುವ ಭಾಷೆ ಅದು. ನಾವು ಮೂವರೂ ಉಸಿರು ಬಿಗಿಹಿಡಿದೆವು. ರಾಗಿ ಬಹಳ ಹೊತ್ತು ಕಲ್ಲಿನಂತಿದ್ದಳು. ಆಮೇಲೆ ಅವನ ಹಣೆ ನೆಕ್ಕಿದಳು, ಒಂದು ಸಲ, ನಿಂತು, ಇನ್ನೊಂದು ಸಲ, ಕೊನೆಗೆ ಕಿವಿಯ ತುದಿಯವರೆಗೂ. ನಮ್ಮನೆಯವರು ಮೊರವನ್ನು ಗೋಡೆಗೆ ಒರಗಿಸಿ ಕನ್ನಡಕ ಒರೆಸಿಕೊಂಡರು.

ಅಂದು ಮಗಳು ಮತ್ತು ನಾನು ಚಾಪೆ ಹಾಸಿ ಅಲ್ಲೇ ಮಲಗಿದೆವು. ಎರಡು ಹಗಲು, ಎರಡು ರಾತ್ರಿ ಅವರನ್ನು ಬೇರೆ ಮಾಡಲಿಲ್ಲ. ಅಷ್ಟರಲ್ಲಿ ಕೆಳಗೆ ನಮ್ಮನೆಯವರು ಜಾಲರಿ ಕಿತ್ತು, ಗೂಡನ್ನು ವಿನೆಗರ್ ಬೆರೆಸಿದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಕಿಟಕಿ ಪಕ್ಕಕ್ಕೆ ಸ್ಥಳ ಬದಲಿಸಿದರು. ಯಾರ ಗುರುತೂ ಇಲ್ಲದ ಹೊಸ ಮನೆ. ಹುಲ್ಲಿನ ಬುಟ್ಟಿ ಎರಡು, ನೀರಿನ ಬಟ್ಟಲು ಎರಡು ಇಟ್ಟರು, ಜಗಳಕ್ಕೆ ನೆಪ ಇರಬಾರದಲ್ಲ.

ಯುಗಾದಿಗೆ ಮಾವ ಬಂದರು, ಹೋಳಿಗೆ ಉಂಡರು. ಅವರು ತಂದಿದ್ದ ಗೋಣಿಚೀಲದಲ್ಲಿ ತೆಂಗಿನಕಾಯಿ ಇದ್ದವು. ಅದನ್ನು ಖಾಲಿ ಮಾಡಿ ಕೇಳಿದಾಗ ನಮ್ಮನೆಯವರೇ “ಮಾವ, ಅವೆರಡೂ ಒಟ್ಟಿಗೇ ಇರ್ಬೇಕಂತೆ” ಎಂದು ಮಾತು ಮುಗಿಸಿದರು. ಮಾವ ಖಾಲಿ ಚೀಲ ಮಡಚಿಕೊಂಡು ಹೋದರು.

ಈಗ ರಾಗಿಯ ಉಗುರು ಕತ್ತರಿಸಬೇಕಿದ್ದರೂ ಮುದ್ದೆಯೂ ಮೈಸೂರಿಗೆ ಬರುತ್ತಾನೆ, ಒಂದೇ ಬುಟ್ಟಿಯಲ್ಲಿ. ಆಸ್ಪತ್ರೆಯ ವಾಸನೆ ಇಬ್ಬರಿಗೂ ಸಮನಾಗಿ ಮೆತ್ತಲಿ ಎಂದು ಅತ್ತೆಯ ಅಪ್ಪಣೆ.